ಕಂಡೆ ಎನ್ನುವ ಮುನ್ನ

ಮದುವೆಮನೆಯಲ್ಲಿ ಪುರೋಹಿತರು ಮದುಮಕ್ಕಳಿಗೆ ಅರುಂಧತಿ ತೋರಿಸುತ್ತಾರೆ. ಹಗಲು ಹನ್ನೊಂದೂವರೆ ಗಂಟೆ. ಮೇಲೆ ಛತ್ರದ ತಾರಸಿ, ತಿರುಗುವ ಫ್ಯಾನು. ‘ಕಾಣಿಸ್ತಾ?’ ‘ಹ್ಞೂಂ, ಕಾಣಿಸ್ತು.’ ಅಲ್ಲಿಗೆ ಶಾಸ್ತ್ರ ಮುಗಿಯಿತು. ನನ್ನ ಮದುವೆಯಲ್ಲಿ ನಾನೂ ಹಾಗೆಯೇ ತಲೆಯಾಡಿಸಿದವನು.

ಅದಕ್ಕೂ ಮೊದಲು ಗಣಿತದ ತರಗತಿಯಲ್ಲಿ ಅದರ ರೂಢಿ ಆಗಿತ್ತು. ಬೋರ್ಡಿನ ತುಂಬ ಪ್ರಮೇಯ ಬರೆದು ಮೇಷ್ಟ್ರು ನಮ್ಮತ್ತ ತಿರುಗಿ ‘ಅರ್ಥ ಆಯ್ತಾ?’ ಎನ್ನುತ್ತಿದ್ದರು. ‘ಆಯ್ತು ಸಾರ್’ ಎಂದು ಇಡೀ ಬೆಂಚು ಕೂಗುತ್ತಿತ್ತು. ಕಾಣದೆ ಕಂಡೆ ಎನ್ನುವುದು, ತಿಳಿಯದೆ ತಿಳಿಯಿತು ಎನ್ನುವುದು ನಮಗೆ ಸುಳ್ಳೆಂದೇ ಅನಿಸುವುದಿಲ್ಲ. ಅದು ಒಂದು ಬಗೆಯ ಮರ್ಯಾದೆ.

ಈ ಮರ್ಯಾದೆಗೆ ಒಗ್ಗದ ಗಣಿತದ ಮೇಷ್ಟ್ರೊಬ್ಬರು ಕನ್ನಡದಲ್ಲಿದ್ದರು: ಜಿ.ಟಿ. ನಾರಾಯಣ ರಾವ್. 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಕಾಲೇಜುಗಳಲ್ಲಿ ಗಣಿತ ಕಲಿಸಿದರು, ಎನ್‌ಸಿಸಿ ಅಧಿಕಾರಿಯಾಗಿ ಹುಡುಗರೊಡನೆ ಬಯಲಲ್ಲಿ ಬೆವರಿದರು, ಆಮೇಲೆ ಮೈಸೂರಿನಲ್ಲಿ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾದರು. ಐನ್‌ಸ್ಟೈನ್, ಚಂದ್ರಶೇಖರ್, ಕೃಷ್ಣವಿವರಗಳನ್ನು ಕನ್ನಡಕ್ಕೆ ತಂದ ಅದೇ ಕೈ ಸಂಗೀತ ವಿಮರ್ಶೆಯನ್ನೂ ಬರೆಯಿತು. ಫಲಜ್ಯೋತಿಷ್ಯವನ್ನು ಕಟುವಾಗಿ ವಿರೋಧಿಸಿದ ಅವರು ನಕ್ಷತ್ರಗಳನ್ನು ಮಾತ್ರ ಮನಸಾರೆ ಪ್ರೀತಿಸಿದರು. 2008ರಲ್ಲಿ ತೀರಿಕೊಂಡರು.

ಅವರ ಚಾರಣದ ಪುಸ್ತಕದ ಹೆಸರು ‘ಕುದುರೆಮುಖದೆಡೆಗೆ’. ಆತ್ಮಕಥೆಯ ಹೆಸರು ‘ಮುಗಿಯದ ಪಯಣ’. ಎರಡರಲ್ಲೂ ಇರುವುದು ದಾರಿ. ಗುರಿ ಮುಟ್ಟಿದ ಡೌಲು ಒಂದರಲ್ಲೂ ಇಲ್ಲ. ಆ ‘ಎಡೆಗೆ’ ಎಂಬ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಕುದುರೆಮುಖ 1,894 ಮೀಟರ್ ಎತ್ತರ ಎಂದು ಯಾರು ಬೇಕಾದರೂ ಬಾಯಿಪಾಠ ಒಪ್ಪಿಸಬಹುದು. ಆ ಅಂಕಿಯ ತೂಕ ಗೊತ್ತಾಗುವುದು ಮೊಣಕಾಲಿಗೆ. ಬೆಟ್ಟದ ಮುಂದೆ ‘ಆಯ್ತು ಸಾರ್’ ನಡೆಯುವುದಿಲ್ಲ. ಹತ್ತದೆ ಹತ್ತಿದೆ ಅಂದುಕೊಂಡರೆ ಕತ್ತಲಾಗುವ ಹೊತ್ತಿಗೆ ನಾವಿನ್ನೂ ಬುಡದಲ್ಲೇ ಇರುತ್ತೇವೆ. ಗಣಿತದ ಸಾಧನೆಯದೂ ಇದೇ ಗುಣ. ಮೂರನೇ ಸಾಲು ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಕಾಲಿಡಲು ಜಾಗವಿಲ್ಲ. ಗಣಿತದವನಿಗೆ ಕಾಡುಮೇಡಿನ ಹುಚ್ಚೇಕೆ ಎಂದು ಕೇಳುವವರಿಗೆ ನನಗೆ ತೋಚುವ ಉತ್ತರ ಇಷ್ಟೆ: ಎರಡೂ ಕಡೆ ವಶೀಲಿ ನಡೆಯುವುದಿಲ್ಲ.

ಅವರ ಕೊಡಗಿನ ಬೆಟ್ಟಗಳಿಗೆ ಇದು ಹಳೆಯ ಪಾಠ. 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆ ಅಳೆದು ಹೊರಟ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ತ್ರಿಕೋನದ ಪಕ್ಕ ತ್ರಿಕೋನ ಹೂಡುತ್ತ ಪಡುವಣ ಕಡಲಿನವರೆಗೆ ಬಂದ. ಕೊಡಗಿನ ತಡಿಯಂಡಮೋಳ್ ಬೆಟ್ಟ ಅವನ ವೀಕ್ಷಣಾ ನೆಲೆಗಳಲ್ಲಿ ಒಂದು. ಕಡಲಿಂದ ಕಡಲಿಗೆ ನೆಲದ ಅಗಲ ಸುಮಾರು 400 ಮೈಲಿ ಎಂದು ಎಲ್ಲರೂ ನಂಬಿದ್ದರು. ಅಳೆದಾಗ ಸಿಕ್ಕಿದ್ದು 360. ನಲವತ್ತು ಮೈಲಿ ನಕ್ಷೆಯಲ್ಲಿ ಇತ್ತು, ನೆಲದ ಮೇಲೆ ಇರಲಿಲ್ಲ.

ಇಂಥದೇ ಪಾಠ ನನಗೂ ಒಮ್ಮೆ ಆಯಿತು. ಒಂದು ಏಪ್ರಿಲ್ ಸಂಜೆ ವಯನಾಡಿನ ಸುಲ್ತಾನ್ ಬತ್ತೇರಿಯಿಂದ ಮೈಸೂರಿಗೆ ಹೊರಡಬೇಕಾದವನು ತಡಮಾಡಿಕೊಂಡೆ. ಬಂಡೀಪುರದ ಕಾಡಿನಲ್ಲಿ ಹೆದ್ದಾರಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂದ್. 2009ರಿಂದ ಈ ಕಟ್ಟಳೆ. ಲಾಡ್ಜಿನಲ್ಲಿ ರೂಮು ಹಿಡಿದೆ. ಹಗಲು ನೋಡಿದ ಕಲ್ಲಿನ ಬಸದಿ ಕಣ್ಣಲ್ಲೇ ಇತ್ತು. ಟಿಪ್ಪು ಅದನ್ನು ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿದ್ದ. ಬತ್ತೇರಿ ಎಂಬ ಹೆಸರು ಸುಲ್ತಾನನ ಆ ‘ಬ್ಯಾಟರಿ’ಯಿಂದಲೇ, ಅಂದರೆ ಫಿರಂಗಿ ನೆಲೆಯಿಂದಲೇ, ಬಂತು. ಅದಕ್ಕೂ ಹಿಂದೆ ಜೈನರ ಬಾಯಲ್ಲಿ ಇದು ‘ಹನ್ನೆರಡು ಬೀದಿ’ಯಂತೆ. ಬೀದಿಗಳನ್ನು ನಾನು ಎಣಿಸಲಿಲ್ಲ. ಆಕಾಶದ ಲೆಕ್ಕದಲ್ಲಿ ಮಾತ್ರ ಹನ್ನೆರಡು ಈ ಊರಿಗೆ ಹೊಂದುತ್ತದೆ. ಇದರ ಅಕ್ಷಾಂಶ ಸುಮಾರು 11.7 ಡಿಗ್ರಿ.

ಊಟ ಮುಗಿಸಿ ಪೇಟೆಯ ದೀಪಗಳಿಂದಾಚೆ ನಡೆದು ಉತ್ತರಕ್ಕೆ ಮುಖಮಾಡಿ ನಿಂತೆ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನದು ಸುಮಾರು 1. ನಿಂತ ಊರಿನ ಅಕ್ಷಾಂಶ ಎಷ್ಟೋ, ದಿಗಂತದಿಂದ ಧ್ರುವನ ಎತ್ತರ ಹೆಚ್ಚುಕಡಿಮೆ ಅಷ್ಟೆ. ದೆಹಲಿಯವನಿಗೆ ಮೂರು ಮುಷ್ಟಿಗೆ ತುಸು ಕಡಿಮೆ. ಬತ್ತೇರಿಯವನಿಗೆ ಒಂದು ಮುಷ್ಟಿ, ಮೇಲೆ ಎರಡು ಕಿರುಬೆರಳು. ಭೂಮಿಯ ಮೇಲೆ ನಾನು ಎಷ್ಟು ಉತ್ತರಕ್ಕೆ ನಿಂತಿದ್ದೇನೆ ಎಂಬುದನ್ನು ಯಾವ ಯಂತ್ರವೂ ಇಲ್ಲದೆ ನನ್ನ ಕೈಯೇ ಹೇಳಬಲ್ಲದು ಎಂಬುದು ಎಂಥ ಬೆರಗು! ಪುಸ್ತಕದಲ್ಲಿ ಓದಿದಾಗ ಇದು ಮಾಹಿತಿಯಾಗಿತ್ತು. ತೋಳು ನೋಯತೊಡಗಿದಾಗ ನನ್ನದಾಯಿತು.

ಮೊದಲು ಸಪ್ತರ್ಷಿಗಳು ಸಿಕ್ಕರು. ವಸಿಷ್ಠನ ಪಕ್ಕ, ಚಂದ್ರನ ಅಗಲದ ಅರ್ಧಕ್ಕಿಂತ ಕಡಿಮೆ ದೂರದಲ್ಲಿ, ಒಂದು ಮಂಕು ಚುಕ್ಕಿ. ನೇರ ನೋಡಿದರೆ ಜಾರುತ್ತದೆ, ಓರೆಗಣ್ಣಿಗೆ ಸಿಗುತ್ತದೆ. ಮನೆಗೆ ಫೋನ್ ಮಾಡಿ ‘ಅರುಂಧತಿ ಕಂಡೆ’ ಎಂದೆ. ‘ಈಗಲಾ?’ ಎಂದಳು ಹೆಂಡತಿ. ಮದುವೆಯಾಗಿ ಇಪ್ಪತ್ತಾರು ವರ್ಷ.

ಸಪ್ತರ್ಷಿಗಳಲ್ಲಿ ಪುಲಹನಿಂದ ಕ್ರತುವಿನೆಡೆಗಿನ ಅಂತರವನ್ನು ಐದು ಪಟ್ಟು ಮುಂದಕ್ಕೆ ಎಳೆದರೆ ಧ್ರುವ ಸಿಗಬೇಕು. ಎಳೆದೆ. ರೇಖೆ ಹೋಗಿ ಸಿಲ್ವರ್ ಮರಗಳ ತುದಿಯ ಮಂಜಿನಲ್ಲಿ ಮುಳುಗಿತು. ಮುಷ್ಟಿ ಹಿಡಿದು ಅಳೆದೆ. ಇರಬೇಕಾದ ಜಾಗ ಅದೇ. ಕ್ಷಣಕಾಲ ಏನೋ ಮಿನುಗಿದಂತೆಯೂ ಆಯಿತು. ಒಬ್ಬನೇ ಇದ್ದೆ, ‘ಕಂಡೆ’ ಎಂದುಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಧ್ರುವ ಅಲ್ಲಿದೆ ಎಂದು ಲೆಕ್ಕ ಹೇಳುವುದು ಬೇರೆ, ಕಣ್ಣು ಹೇಳುವುದು ಬೇರೆ. ಎರಡನ್ನೂ ಕಲಸದೆ ಇಟ್ಟುಕೊಳ್ಳುವುದೇ ಗಣಿತ ಮತ್ತು ಕಾಡು ಸೇರಿ ಒಬ್ಬ ಮನುಷ್ಯನಿಗೆ ಕಲಿಸಬಹುದಾದ ಪ್ರಾಮಾಣಿಕತೆ.

ಆ ರಾತ್ರಿ ಬತ್ತೇರಿಯಲ್ಲಿ ನಾನು ಧ್ರುವನನ್ನು ಕಾಣಲಿಲ್ಲ.