ಸುಡದ ನೀರು

ಶಿಡ್ಲಘಟ್ಟದ ನಮ್ಮ ಚಿಕ್ಕಮ್ಮ 20 ವರ್ಷ ಫಿಲೇಚರಿನಲ್ಲಿ ರೇಷ್ಮೆಗೂಡು ಬಿಚ್ಚಿದವಳು. ಬೇಯಿಸಿದ ಗೂಡುಗಳಿರುವ ಬಿಸಿನೀರಿಗೆ ಬೆರಳದ್ದಿ, ಎಳೆಗಳ ತುದಿ ಹುಡುಕಿ, ಏಳೆಂಟನ್ನು ಸೇರಿಸಿ ಒಂದೇ ನೂಲಾಗಿ ರಾಟೆಗೆ ಹತ್ತಿಸಬೇಕು. ಗೂಡಿನ ಎಳೆ ತಲೆಗೂದಲಿಗಿಂತ ಸಣ್ಣ. ಅದು ಹರಿದದ್ದು ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ ಎನ್ನುತ್ತಾಳೆ.

ನನ್ನ ಸಂಶೋಧನೆಯೂ ಬೆರಳಿನದೇ. ವರ್ಚುಯಲ್ ರಿಯಾಲಿಟಿಗೆ ಬೇಕಾದ, ಕೈಯಲ್ಲಿ ಹಿಡಿಯುವ ಕಂಟ್ರೋಲರುಗಳ ವಿನ್ಯಾಸ. 1968ರಲ್ಲಿ ಐವಾನ್ ಸದರ್ಲೆಂಡ್ ತಲೆಗೆ ತೊಡುವ ಪರದೆಯನ್ನು ತೋರಿಸಿದಾಗ ಕಣ್ಣಿಗೆ ಹೊಸದೊಂದು ಲೋಕ ಸಿಕ್ಕಿತು. ಕೈಗೆ ಇವತ್ತಿಗೂ ಸಾಮಾನ್ಯವಾಗಿ ಸಿಗುವುದು ಕೆಲವು ಗುಂಡಿ, ಒಂದು ಟ್ರಿಗರ್, ಒಳಗೆ ನಡುಗುವ ಪುಟ್ಟ ಮೋಟಾರು. ಎಳೆ ಹರಿಯುವ ಆ ಕ್ಷಣವನ್ನು ಈ ನಡುಕದಲ್ಲಿ ಹಿಡಿಯಲು ಒಂದು ಮಾದರಿ ಮಾಡಿ, ಚಿಕ್ಕಮ್ಮನ ಕೈಗೆ ಕೊಟ್ಟೆ.

ಸ್ವಲ್ಪ ಹೊತ್ತು ಗಾಳಿಯಲ್ಲಿ ಕೈಯಾಡಿಸಿ ನಕ್ಕಳು. "ಏನೋ ಇದು, ನೀರು ಸುಡೋದೇ ಇಲ್ವಲ್ಲೋ!" ಆಮೇಲೆ, "ಸುಡದಿದ್ರೇನೇ ಒಳ್ಳೇದು ಬಿಡು."

ಆ ಎರಡು ಮಾತುಗಳ ನಡುವೆ ನಾನು ಸಿಕ್ಕಿಕೊಂಡಿದ್ದೇನೆ. ಕೆಲಸ ಕಲಿಯುವ ಹುಡುಗಿಗೆ ಈ ಸಾಧನ ಕೊಟ್ಟರೆ ಬಿಸಿ ಇಲ್ಲದಿರುವುದು ಕರುಣೆ. ಅದನ್ನೇ ವಸ್ತುಸಂಗ್ರಹಾಲಯದಲ್ಲಿಟ್ಟರೆ? ಬಂದವರು ಐದು ನಿಮಿಷ ನೂಲು ತೆಗೆದು, "ಎಷ್ಟು ಚೆಂದದ ಕೆಲಸ" ಎಂದು ಹೊರಡುತ್ತಾರೆ. ಅಲ್ಲಿ ಅದೇ ಸುಡದ ನೀರು ಸುಳ್ಳಾಗುತ್ತದೆ. ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಮಕ್ಕಳು ಸುಡುನೀರಿಗೆ ಕೈಯದ್ದುತ್ತಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ದಾಖಲಿಸಿತ್ತು. ಆ ಕೈಗಳನ್ನು ಅಳಿಸಿ ಕೌಶಲವನ್ನಷ್ಟೇ ಉಳಿಸಿಕೊಳ್ಳುವ ಹಕ್ಕು ನನಗಿದೆಯೆ?

ಹಾಗಾದರೆ ಬಿಸಿಯನ್ನೂ ಸೇರಿಸೋಣವೆ? ಅದರಿಂದಲೂ ಸತ್ಯ ಬರುವುದಿಲ್ಲ. ನೋಡಲು ಬಂದವನು ಸುಟ್ಟರೆ ಕಂಟ್ರೋಲರನ್ನು ಕೆಳಗಿಡಬಲ್ಲ. ಅವನಿಗೆ ಅದೊಂದು ರೋಮಾಂಚನ. ಚಿಕ್ಕಮ್ಮ ಕೈ ತೆಗೆದಿದ್ದರೆ ಅಂದಿನ ಕೂಲಿ ಹೋಗುತ್ತಿತ್ತು. ಬಿಸಿಯನ್ನು ಮುಂದೊಂದು ದಿನ ಯಂತ್ರ ಕೊಡಬಹುದು. ಕೈ ತೆಗೆಯಲಾಗದ ಆ ಸ್ಥಿತಿಯನ್ನು ಯಾವ ಯಂತ್ರ ಕೊಡುತ್ತದೆ?

ಕೊಡಲಾಗದ್ದನ್ನು ಕೊಟ್ಟಂತೆ ನಟಿಸದಿರುವುದು ನನ್ನ ಕೈಲಾಗುವ ಕೆಲಸ. ನನ್ನ ಪ್ರಬಂಧದಲ್ಲಿ ಸಾಧನದ ಮಿತಿಗಳದೊಂದು ಪಟ್ಟಿಯಿದೆ. ಬ್ಯಾಟರಿ, ತೂಕ, ಸಂಕೇತ ತಲುಪುವಲ್ಲಿನ ವಿಳಂಬ ಎಲ್ಲವೂ ಅದರಲ್ಲಿದ್ದವು. ಈಗ ಅವೆಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದ್ದೇನೆ: ಇಲ್ಲಿ ನೀರು ಸುಡುವುದಿಲ್ಲ, ಮತ್ತು ನೀವು ಯಾವಾಗ ಬೇಕಾದರೂ ಎದ್ದು ಹೋಗಬಹುದು.