ಅಂಗಡಿ ಮುಚ್ಚಿದ ಮೇಲೆ



ಬಂಧುಗಳು ಹುಟ್ಟಿನಿಂದ ಬರುತ್ತಾರೆ, ಸ್ನೇಹಿತರನ್ನು ನಾವೇ ಆರಿಸಿಕೊಳ್ಳುತ್ತೇವೆ. ಆದರೆ ಎಚ್ಚರವಿರುವ ಹೊತ್ತಿನ ಬಹುಪಾಲನ್ನು ನಾವು ಕಳೆಯುವುದು ಈ ಎರಡೂ ಗುಂಪಿಗೆ ಸೇರದವರೊಂದಿಗೆ. ಪಕ್ಕದ ಮೇಜಿನ ಗುಮಾಸ್ತ, ಒಂದೇ ಪಾಳಿಯಲ್ಲಿ ದುಡಿಯುವ ಹೆಣ್ಣುಮಗಳು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನ, ಮೂಟೆ ಇಳಿಸುವ ಹುಡುಗ. ಇವರು ನಮಗೆ ಏನಾಗಬೇಕು? ಕೆಲಸ ಮುಗಿದ ದಿನವೇ ಇವರ ಋಣವೂ ಹರಿಯುತ್ತದೆಯೇ?

ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದ್ದು ಒಂದು ಜಪಾನಿ ಕಾದಂಬರಿ. ಹಿರೋಮಿ ಕವಕಾಮಿ ಎಂಬ ಲೇಖಕಿ 2005ರಲ್ಲಿ ಪ್ರಕಟಿಸಿದ ಈ ಕೃತಿ 2016ರಲ್ಲಿ ಇಂಗ್ಲಿಷಿಗೆ ಬಂದಿತು. ಅದರ ಹೆಸರನ್ನು 'ಹಳೇ ಸಾಮಾನಿನ ನಕಾನೊ ಅಂಗಡಿ' ಎಂದು ಕನ್ನಡಿಸಬಹುದು. ಟೋಕಿಯೊ ನಗರದ ಅಂಚಿನಲ್ಲಿ ಒಂದು ಪುಟ್ಟ ಅಂಗಡಿ. ಬೆಲೆಬಾಳುವ ಪುರಾತನ ವಸ್ತುಗಳಿಗೆ ಅಲ್ಲಿ ಜಾಗವಿಲ್ಲ. ಯಾರದೋ ಮನೆಯಲ್ಲಿ ಬಳಸಿ ಬಿಟ್ಟ ಬಟ್ಟಲು, ಹೊಲಿಗೆ ಯಂತ್ರ, ಕಾಗದ ಹಾರದಂತೆ ಇಡುವ ಗುಂಡು, ಇಂಥವೇ ಸರಕು. ಅಧ್ಯಾಯಗಳಿಗೂ ಹೆಚ್ಚಾಗಿ ಇಂತಹ ವಸ್ತುಗಳದೇ ಹೆಸರು. ಯಜಮಾನ ನಕಾನೊ, ಆಗಾಗ ಅಂಗಡಿಗೆ ಬರುವ ಅವನ ಅಕ್ಕ ಮಸಾಯೊ, ಗಲ್ಲಾ ನೋಡಿಕೊಳ್ಳುವ ಯುವತಿ ಹಿತೋಮಿ, ಮನೆಮನೆಯಿಂದ ಸಾಮಾನು ಹೊತ್ತು ತರುವ ಮಿತಭಾಷಿ ಯುವಕ ತಕೆಯೊ. ಇವರೇ ಮುಖ್ಯ ಪಾತ್ರಗಳು.

ಕಥೆಯಲ್ಲಿ ದೊಡ್ಡ ಘಟನೆಗಳಿಲ್ಲ. ಗಿರಾಕಿಗಳು ಬರುತ್ತಾರೆ, ಹೋಗುತ್ತಾರೆ. ನಾಲ್ವರೂ ಜೊತೆಯಲ್ಲಿ ಉಣ್ಣುತ್ತಾರೆ, ಮಾತು ತಪ್ಪಿ ಮುನಿಸಿಕೊಳ್ಳುತ್ತಾರೆ. ಹಿತೋಮಿ ಮತ್ತು ತಕೆಯೊ ಪರಸ್ಪರ ಹತ್ತಿರವಾಗಬೇಕೆಂದು ಹಂಬಲಿಸಿದರೂ ಹೇಗೆ ಮಾತನಾಡಬೇಕೆಂದು ತಿಳಿಯದೆ ದೂರವಾಗುತ್ತಾರೆ. ಕಡೆಗೊಮ್ಮೆ ಅಂಗಡಿ ಮುಚ್ಚುತ್ತದೆ. ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿಯುತ್ತಾರೆ. ಕೆಲವು ವರ್ಷಗಳ ನಂತರ ಅವರು ಮತ್ತೆ ಸೇರಿದಾಗಲೇ ಓದುಗನಿಗೆ ಅರಿವಾಗುತ್ತದೆ: ಆ ಧೂಳು ಹಿಡಿದ ಅಂಗಡಿಯಲ್ಲಿ ಏನೂ ನಡೆಯಲಿಲ್ಲವೆಂದು ತೋರಿದ ದಿನಗಳಲ್ಲೇ ಅವರು ಒಬ್ಬರಿಗೊಬ್ಬರು ಬೇಕಾದವರಾಗಿದ್ದರು.

ಇದು ದೂರದ ಜಪಾನಿನ ಕಥೆ ಎನ್ನಬೇಡಿ. ಚನ್ನಪಟ್ಟಣದಿಂದ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಗುಡಿಯ ಕಡೆಗೆ ಹಳೆಯ ಮೈಸೂರು ರಸ್ತೆಯಲ್ಲಿ ಸಾಗುವಾಗ ಗೊಂಬೆ ಅಂಗಡಿಗಳನ್ನು ನೀವು ಕಂಡಿರುತ್ತೀರಿ. ಆ ಗೊಂಬೆಗಳ ಹಿಂದೆ ಅಕ್ಕಪಕ್ಕ ಕುಳಿತು ದುಡಿಯುವ ಕೈಗಳಿವೆ. ತಿರುಗುವ ಆಲೆ ಮರದ ತುಂಡಿಗೆ ಒಬ್ಬರು ಉಳಿ ಹಿಡಿದು ರೂಪ ಕೊಡುತ್ತಾರೆ. ಅರಗಿನ ಬಣ್ಣದ ಕಡ್ಡಿಯನ್ನು ಅದಕ್ಕೆ ಒತ್ತಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಗರಿಯಿಂದ ತಿಕ್ಕಿದಾಗ ಹೊಳಪು ಏರುತ್ತದೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ವಾಹನಗಳು ಊರಿನ ಹೊರಗಿನಿಂದಲೇ ಹಾದುಹೋಗತೊಡಗಿದಾಗ ಹಳೆಯ ರಸ್ತೆಯ ವ್ಯಾಪಾರ ಇಳಿಯಿತು. ನಷ್ಟದ ಲೆಕ್ಕದಲ್ಲಿ ಮಾರಾಟವಾಗದ ಗೊಂಬೆಗಳನ್ನು ಎಣಿಸಬಹುದು. ಆದರೆ ಒಂದು ಅಂಗಡಿ ಮುಚ್ಚಿದರೆ, ಪ್ರತಿದಿನ ಹಂಚಿಕೊಂಡು ಕುಡಿಯುತ್ತಿದ್ದ ಚಹಾ, 'ಯಾಕೆ ಇವತ್ತು ಮುಖ ಬಾಡಿದೆ?' ಎಂಬ ಒಂದು ಮಾತು, ಇವು ಯಾವ ಲೆಕ್ಕಕ್ಕೆ ಸೇರುತ್ತವೆ?

ಉಪದೇಶಿಸುವ ಮುನ್ನ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಒಂದು ಗುರುನಿವಾಸದಲ್ಲಿ ಒಬ್ಬ ತಾಯಿ ಆರು ವರ್ಷ ಅಡುಗೆ ಮಾಡಿದರು. ನನಗೆ ಯಾವುದು ಒಗ್ಗುತ್ತದೆ, ಯಾವ ದಿನ ನನಗೆ ತಲೆನೋವು ಎಂಬುದು ಆಕೆಗೆ ತಿಳಿಯುತ್ತಿತ್ತು. ನನಗೆ ಮಾತ್ರ ಆಕೆಯ ಸಾರಿನ ಉಪ್ಪು ಹುಳಿ ತಿಳಿದಿತ್ತು. ವರ್ಗವಾದಾಗ ಸಂಬಳದ ಬಾಕಿ ತೀರಿಸಿ, ಒಂದು ಸೀರೆ ಕೊಟ್ಟು ಬಂದೆ. ಆಕೆಗೆ ಕಿವಿ ಕೇಳದ ಮಗನೊಬ್ಬನಿದ್ದಾನೆಂಬುದು ಎಷ್ಟೋ ಕಾಲದ ಮೇಲೆ ಬೇರೆಯವರ ಬಾಯಿಂದ ನನ್ನ ಕಿವಿಗೆ ಬಿತ್ತು. ಆರು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಸಂಬಳದಲ್ಲಿ ನಾನು ಒಂದು ರೂಪಾಯಿಯನ್ನೂ ಉಳಿಸಿಕೊಂಡಿರಲಿಲ್ಲ. ಆದರೂ ಆ ಮನೆಯ ಸಾಲ ನನ್ನ ಮೇಲೆ ಉಳಿದೇ ಇದೆ.

'ಕೆಲಸ ಕೆಲಸವೇ, ಅದಕ್ಕೆ ನಂಟಸ್ತಿಕೆ ಬೆರೆಸಬಾರದು' ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. 'ನೀನು ನಮ್ಮ ಮನೆಯವನಂತೆ' ಎಂದು ಬೆನ್ನು ತಟ್ಟಿ, ತಿಂಗಳ ಕೊನೆಗೆ ಸಂಬಳ ತಡಮಾಡುವ ಯಜಮಾನರನ್ನು ನಾವೆಲ್ಲ ಬಲ್ಲೆವು. ಆದುದರಿಂದ ಮೊದಲು ಸಲ್ಲಬೇಕಾದದ್ದು ನ್ಯಾಯವಾದ ಕೂಲಿ, ಹೊತ್ತಿಗೆ ಸರಿಯಾದ ಬಿಡುವು. ಪ್ರೀತಿಯ ಮಾತು ಅವುಗಳ ಬದಲಿಗೆ ಸಲ್ಲುವ ನಾಣ್ಯವಾಗಲಾರದು. ಆದರೆ ನ್ಯಾಯ ಸಂದ ಮೇಲೂ ಒಂದು ಬಾಕಿ ಉಳಿಯುತ್ತದೆ. ಅದು ಎದುರಿಗಿರುವವರನ್ನು ಒಬ್ಬ ವ್ಯಕ್ತಿಯಾಗಿ ಗುರುತಿಸುವ ಬಾಕಿ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನೀವು ಅನೇಕ ಬಾರಿ ಕೇಳಿದ್ದೀರಿ. ದಿನವಿಡೀ ದುಡಿದವರು ಕೊನೆಗೆ ಬಂದವರ ಕೈಯಲ್ಲಿದ್ದ ನಾಣ್ಯವನ್ನು ನೋಡಿ ಗೊಣಗಿದರು. ಆ ಬಡವರನ್ನು ದಿನವಿಡೀ ಸುಮ್ಮನೆ ಏಕೆ ನಿಂತಿರಿ ಎಂದು ಕೇಳಿದವನು ತೋಟದ ಯಜಮಾನ. ಒಂದೇ ತೋಟದಲ್ಲಿ ಒಂದೇ ಸಂಜೆ ಜೊತೆಗೂಡಿ ದುಡಿದವರು ಅದನ್ನು ಕೇಳಿದಂತೆ ಕಾಣುವುದಿಲ್ಲ. ಅವರ ಗೊಣಗಾಟದಲ್ಲಿ ಇರುವುದು ಕೂಲಿಯ ಲೆಕ್ಕವೊಂದೇ.

ನಕಾನೊ ಅಂಗಡಿಯಲ್ಲಿ ಯಾರೋ ಬೇಡವೆಂದು ಬಿಟ್ಟ ಬಟ್ಟಲಿಗೂ ಒಂದು ಬೆಲೆ ಇತ್ತು. ಅದನ್ನು ಕಟ್ಟುವ ಮೊದಲು ಕೈಗೆತ್ತಿಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ವಸ್ತುವಿಗೆ ಸಲ್ಲುವ ಅಷ್ಟು ಗಮನ, ಎಂಟು ಗಂಟೆ ಪಕ್ಕದಲ್ಲಿ ಕೂರುವ ಮನುಷ್ಯನಿಗೆ ಸಲ್ಲುವುದು ಬೇಡವೇ?

ಓದುಗರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರೆಲ್ಲರೂ ತಮ್ಮೊಂದಿಗೆ ದುಡಿದ ಒಬ್ಬರ ಹೆಸರನ್ನು ನೆನೆಯಿರಿ. ಅವರ ಮನೆಯಲ್ಲಿ ಯಾರಿದ್ದಾರೆ, ಯಾವ ಚಿಂತೆ ಇದೆ ಎಂದು ನಿಮಗೆ ಗೊತ್ತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಗೊತ್ತಿಲ್ಲದಿದ್ದರೆ ನಾಳೆ ಒಂದು ಮಾತು ಕೇಳಿರಿ. ಅಂಗಡಿಗಳು ಮುಚ್ಚುತ್ತವೆ, ರಸ್ತೆಗಳು ಬೇರೆಡೆಗೆ ತಿರುಗುತ್ತವೆ, ವರ್ಗಾವಣೆಯ ಪತ್ರಗಳು ಬರುತ್ತವೆ. ಕೇಳಬೇಕಾದ ಮಾತನ್ನು ಕದ ಮುಚ್ಚುವ ಮೊದಲೇ ಕೇಳಿಬಿಡುವುದು ಒಳ್ಳೆಯದು. ನನ್ನ ಮಟ್ಟಿಗೆ, ಆ ತಾಯಿಯ ಊರಿಗೆ ಹೋಗುವ ಬಸ್ಸು ಯಾವುದೆಂದು ವಿಚಾರಿಸಿ ಇಟ್ಟುಕೊಂಡಿದ್ದೇನೆ.