ಒಂದು ರಸೀದಿ, ಐದು ಹೆಸರು, ಎಷ್ಟು ಪುಣ್ಯ?

ಒಬ್ಬರು ಸೇವೆ ಮಾಡಿಸಿ ಮನೆಯ ಐದು ಜನರ ಹೆಸರು ಹೇಳಿಸಿದರೆ, ಫಲ ಐದು ಪಾಲಾಗುತ್ತದೆಯೋ, ಐವರಿಗೂ ಇಡಿಯಾಗಿ ಸಿಗುತ್ತದೆಯೋ? ಇದನ್ನು ನನಗೆ ಕೇಳಿದ್ದು ವೇದಾಂತಿಯಲ್ಲ, ನಮ್ಮೂರ ದೇವಸ್ಥಾನದ ಲೆಕ್ಕ ಬರೆಯುವವರು. ಸಾಮೂಹಿಕ ಸತ್ಯನಾರಾಯಣ ಪೂಜೆಯ ರಸೀದಿಗಳಿಂದ ಸಂಕಲ್ಪದ ಪಟ್ಟಿ ತೆಗೆಯುವ ಪ್ರೋಗ್ರಾಂ ಒಂದನ್ನು ಅವರಿಗಾಗಿ ಬರೆಯುತ್ತಿದ್ದೆ. "ದುಡ್ಡು ಒಬ್ಬರದ್ದು, ಹೆಸರು ಹತ್ತು ಜನರದ್ದು. ದೇವರಿಗೆ ನಷ್ಟ ಅಲ್ವಾ ಮಾರಾಯ್ರೆ?" ಎಂದರು. ತಮಾಷೆಗೇ ಹೇಳಿದ್ದು, ಆದರೆ ಪ್ರಶ್ನೆ ತಮಾಷೆಯದ್ದಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಪಟ್ಟಿಗೆ ಅರೇ ಎನ್ನುತ್ತೇವೆ. ಅದರ ಒಂದೊಂದು ಅಂಶವನ್ನೂ ಬೇರೆ ರೂಪಕ್ಕೆ ತರಲು ಮ್ಯಾಪ್ ಇದೆ. ಅದರ ನೇಮ ಕಟ್ಟುನಿಟ್ಟು: ನೂರು ರಸೀದಿ ಒಳಗೆ ಹೋದರೆ ನೂರೇ ಸಾಲು ಹೊರಗೆ ಬರಬೇಕು. ಒಂದು ರಸೀದಿಯಲ್ಲಿ ಐದು ಹೆಸರಿದ್ದರೆ ಐದನ್ನೂ ಒಂದೇ ಗಂಟಾಗಿ ಕಟ್ಟಿಡುತ್ತದೆ. 2019ರ ಆವೃತ್ತಿಯಲ್ಲಿ ಭಾಷೆಗೆ ಸೇರಿದ ಫ್ಲ್ಯಾಟ್‌ಮ್ಯಾಪ್ ಆ ಗಂಟು ಬಿಚ್ಚಿ ಐದನ್ನೂ ಐದು ಸಾಲಾಗಿ ಹರಡುತ್ತದೆ. ಹೆಸರು ಬೇಡವೆಂದು ಗುಪ್ತವಾಗಿ ಸೇವೆ ಕೊಟ್ಟವರ ರಸೀದಿಗೆ ಖಾಲಿ ಅರೇ ಹಿಂತಿರುಗಿಸಿದರಾಯಿತು, ಪಟ್ಟಿಯಲ್ಲಿ ಅವರ ಸುಳಿವೇ ಇರುವುದಿಲ್ಲ. ಮೂಲದ ಪಟ್ಟಿ ಮಾತ್ರ ಇದ್ದ ಹಾಗೇ ಇರುತ್ತದೆ. ಐದು ಹೆಸರು ಕೊಟ್ಟಿತೆಂದು ರಸೀದಿಯೇನೂ ಸವೆಯುವುದಿಲ್ಲ.

ಭಟ್ಟರ ಕೈಗೆ ಹೋಗುವ ಹಾಳೆಯಲ್ಲಿ ಹೆಸರು, ಗೋತ್ರ, ನಕ್ಷತ್ರ, ರಾಶಿ ಇಷ್ಟೇ. ಮದುವೆಯಾಗಿ ಹೋದ ಮಗಳಿಗೆ ಅವಳ ಗಂಡನ ಮನೆಯ ಗೋತ್ರ. ಯಾರು ಎಷ್ಟು ಕಟ್ಟಿದರು, ಯಾವ ಹೆಸರು ಯಾವ ರಸೀದಿಯದ್ದು ಎಂಬುದು ಅದರಲ್ಲಿಲ್ಲ. ಬೇಕಿದ್ದರೆ ಪ್ರತಿ ಸಾಲಿಗೂ ರಸೀದಿ ಸಂಖ್ಯೆ ಅಂಟಿಸಬಹುದಿತ್ತು. ನಾನು ಬೇಕೆಂದೇ ಬಿಟ್ಟೆ.

ಈಗ ಪುಣ್ಯದ ಮಾತು. ಈ ಲೆಕ್ಕವನ್ನು ನಮ್ಮಲ್ಲಿ ಎಲ್ಲರಿಗಿಂತ ನಿಷ್ಠುರವಾಗಿ ಮಾಡಿದವರು ಮೀಮಾಂಸಕರು, ಅಂದರೆ ವೇದದ ಕರ್ಮವಿಧಿಗಳ ಅರ್ಥ ವಿಚಾರಿಸಿದ ಶಾಸ್ತ್ರಕಾರರು. ಯಾಗದ ಫಲ ಯಜಮಾನನಿಗೆ. ಯಾಗ ನಡೆಸಿಕೊಟ್ಟ ಋತ್ವಿಜರಿಗೆ ದಕ್ಷಿಣೆ ಸಂದಿತು, ಅಲ್ಲಿಗೆ ಅವರ ಲೆಕ್ಕ ಚುಕ್ತಾ. ಆದರೆ ಸತ್ರವೆಂಬ ಸಾಮೂಹಿಕ ಯಾಗದಲ್ಲಿ ಹಾಗಲ್ಲ. ಅಲ್ಲಿ ಕನಿಷ್ಠ 17, ಹೆಚ್ಚೆಂದರೆ 24 ಮಂದಿ ಸೇರುತ್ತಾರೆ, ಎಲ್ಲರೂ ಯಜಮಾನರೇ, ದಕ್ಷಿಣೆಯೇ ಇಲ್ಲ. ಹಾಗಾದರೆ ಫಲ ಹದಿನೇಳು ಪಾಲೇ? ಅಲ್ಲ, ಒಬ್ಬೊಬ್ಬರಿಗೂ ಪೂರ್ತಿ ಫಲ ಎಂಬುದು ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದ ತೀರ್ಮಾನ.

ಇದಿಷ್ಟರಿಂದಲೇ ನಮ್ಮ ಪ್ರಶ್ನೆ ಬಗೆಹರಿಯದು. ಸತ್ರದಲ್ಲಿ ಕುಳಿತವರು ಸ್ವತಃ ಕರ್ಮ ಮಾಡಿದವರು. ನಮ್ಮ ಪಟ್ಟಿಯಲ್ಲಿರುವ ಮಗುವೋ ಮನೆಯ ತೊಟ್ಟಿಲಲ್ಲಿ ಮಲಗಿದೆ. ಅಣ್ಣ ದುಬೈಯಲ್ಲಿದ್ದಾನೆ, ಪೂಜೆಯ ದಿನವೂ ಅವನಿಗೆ ನೆನಪಿರಲಿಕ್ಕಿಲ್ಲ. ಮಾಡದವರಿಗೆ ಫಲ ಹೇಗೆ? ಅದಕ್ಕೂ ಮೀಮಾಂಸೆಯಲ್ಲಿ ಜಾತೇಷ್ಟಿಯ ಉದಾಹರಣೆಯಿದೆ. ಮಗ ಹುಟ್ಟಿದಾಗ ತಂದೆ ಮಾಡುವ ಇಷ್ಟಿ ಅದು. ಮಾಡುವವನು ತಂದೆ, ಫಲ ಮಗನಿಗೆ. ಕರ್ತೃವೇ ಭೋಕ್ತೃ ಎಂದು ಹಟ ಹಿಡಿದ ಶಾಸ್ತ್ರವೂ ಅಪ್ಪನ ಮಟ್ಟಿಗೆ ಬಾಗಿದೆ. ಪುರಾಣಿಕರಲ್ಲ, ಮೀಮಾಂಸಕರೇ ಒಪ್ಪಿದ್ದು ಎನ್ನುವುದರಿಂದ ನನಗೆ ಇದರ ತೂಕ ಹೆಚ್ಚು.

ಹಣ ವಸ್ತು, ಹಂಚಿದರೆ ಕಡಿಮೆಯಾಗುತ್ತದೆ. ಸಂಕಲ್ಪ ಹಿತದ ಬಯಕೆ. ಅಮ್ಮ ಮೂರನೆಯ ಮಗುವಿನ ಹೆಸರು ಬರೆಸಿದಳೆಂದು ಮೊದಲ ಎರಡಕ್ಕೆ ಬಯಸಿದ ಒಳಿತು ತಗ್ಗಲಿಲ್ಲ. ಫಲ ಇದೆಯೆಂದು ಒಪ್ಪುವವರು ಅದು ಭಾಗವಾಗುವುದಿಲ್ಲವೆಂದೂ ಒಪ್ಪಬೇಕು. ಫಲವನ್ನೇ ಒಪ್ಪದವರಿಗೂ ಒಂದು ಮಾತು ಉಳಿಯುತ್ತದೆ: ಯಾರು ಕಟ್ಟಿದರೆಂದು ತಿಳಿಯದ ಆ ಪಟ್ಟಿಯಲ್ಲಿ ದೊಡ್ಡ ಸೇವೆಯವರ ಮಗುವೂ ಸಣ್ಣ ಸೇವೆಯವರ ಮಗುವೂ ಒಂದೇ ಉಸಿರಿನಲ್ಲಿ ಬರುತ್ತವೆ.

ಭಟ್ಟರ ಗಂಟಲಿಗೆ ಮಿತಿಯಿದೆ, ಮುಹೂರ್ತಕ್ಕೂ ಇದೆ. ಆದ್ದರಿಂದ ರಸೀದಿಗೆ ಇಷ್ಟೇ ಹೆಸರು ಎಂದು ನಿಯಮ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಹೆಸರಿಗಿಷ್ಟು ಎಂದು ದರ ಬರೆಸುವ ಆಡಳಿತ ಮಂಡಳಿಗಳು ಅದನ್ನು ಅರ್ಚಕರ ಶ್ರಮದ ದರವೆಂದೇ ಬೋರ್ಡಿನಲ್ಲಿ ಹಾಕಲಿ. ಪುಣ್ಯಕ್ಕೆ ತಲಾ ದರ ಕಟ್ಟಲು ಶಾಸ್ತ್ರದಲ್ಲಿ ಆಧಾರವಿಲ್ಲ.